ಕ್ಯಾತ್ಸಂದ್ರದ ಬಳಿ 40 ಆಸನದ ಹೋಟೆಲು: ಟೈಲ್ಸ್ ಹಾಕುವ ಮೊದಲು ಪೈಪು, ಟ್ರ್ಯಾಪು, ಮೋರಿಗೆ ಏನೇನು ಬೇಕು?

ಬಿ.ಎಚ್. ರಸ್ತೆಯವನು

ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಹಳೆಯ ಮಳಿಗೆಯೊಂದನ್ನು ಕರಾರಿನ ಮೇಲೆ ಬಾಡಿಗೆಗೆ ಹಿಡಿದಿದ್ದೇನೆ. ಬೆಳಿಗ್ಗೆ ತಟ್ಟೆ ಇಡ್ಲಿ, ದೋಸೆ, ಮಧ್ಯಾಹ್ನ ಊಟ. 40 ಜನ ಕೂರುವಷ್ಟು ಜಾಗ. ಹಿಂದೆ ಅಲ್ಲಿ ಬಟ್ಟೆ ಅಂಗಡಿ ಇತ್ತು. ಆದ್ದರಿಂದ ಒಂದು ಶೌಚಾಲಯ, ಒಂದು ನಲ್ಲಿ, ನೆಲದಡಿ ಮೂರು ಇಂಚಿನ ಒಂದೇ ಪೈಪು, ಅಷ್ಟೇ. ಪ್ಲಂಬರ್ ಹೇಳುವ ಪ್ರಕಾರ ಅಡುಗೆಮನೆಯ ಸಿಂಕು, ಪಾತ್ರೆ ತೊಳೆಯುವ ತೊಟ್ಟಿ, ಗಿರಾಕಿಗಳು ಕೈ ತೊಳೆಯುವ ಬೇಸಿನ್, ಎಲ್ಲವನ್ನೂ ಅದೇ ಪೈಪಿಗೆ ಸೇರಿಸಿ ಟೈಲ್ಸ್ ಹಾಕಿಬಿಡಬಹುದು. ಬೆಂಗಳೂರಿನಲ್ಲಿರುವ ಭಾಮೈದ ಫೋನಿನಲ್ಲಿ ಗ್ರೀಸ್ ಟ್ರ್ಯಾಪ್, ಏರ್ ಗ್ಯಾಪ್ ಎಂದು ಏನೇನೋ ಹೇಳಿ ತಲೆ ಕೆಡಿಸಿದ್ದಾನೆ. ಕಾನೂನು ನಿಜವಾಗಿ ಕೇಳುವುದೇನು? ಕೇಳದಿದ್ದರೂ ಮಾಡಿಸಲೇಬೇಕಾದದ್ದು ಯಾವುದು? ಗಾರೆಯವರು ಸೋಮವಾರ ಬರುತ್ತಾರೆ.

ಪರವಾನಗಿ ಕಡತ

ಸೋಮವಾರದವರನ್ನು ಮೊದಲು ಮುಂದಕ್ಕೆ ಹಾಕಿ.

ಕಾನೂನಿನ ವಿಚಾರಕ್ಕೆ ಬರುತ್ತೇನೆ. ಹೋಟೆಲಿನ ಪ್ಲಂಬಿಂಗ್‌ಗೆಂದೇ ಒಂದು ಪುಸ್ತಕ ನಮ್ಮಲ್ಲಿಲ್ಲ. ಮೂರ್ನಾಲ್ಕು ಕಡೆ ಹಂಚಿಹೋಗಿದೆ. ನಿಮ್ಮನ್ನು ನೇರವಾಗಿ ಕಟ್ಟಿಹಾಕುವುದು ಆಹಾರ ಸುರಕ್ಷತಾ ಕಾಯ್ದೆ 2006ರ ಅಡಿಯಲ್ಲಿ ಬಂದ 2011ರ ಪರವಾನಗಿ ಮತ್ತು ನೋಂದಣಿ ನಿಯಮಗಳು. ಅದರ ನಾಲ್ಕನೇ ಅನುಸೂಚಿಯನ್ನು ಒಮ್ಮೆ ಕುಳಿತು ಓದಿ. ಅಡುಗೆಗೆ ಕುಡಿಯಲು ಯೋಗ್ಯವಾದ ನೀರು ಬೇಕು. ನಲ್ಲಿಯಲ್ಲಿ ಸದಾ ನೀರು ಬಾರದ ಊರಿನಲ್ಲಿ ಸಾಕಷ್ಟು ಸಂಗ್ರಹ ಬೇಕು, ಆ ಟ್ಯಾಂಕನ್ನು ಕಾಲಕಾಲಕ್ಕೆ ತೊಳೆದು ದಾಖಲೆ ಇಡಬೇಕು. ಕುಡಿಯಲು ಯೋಗ್ಯವಲ್ಲದ ನೀರಿನ ಪೈಪು ಬೇರೆಯೇ ಇರಬೇಕು, ಕಂಡ ಕೂಡಲೇ ಗುರುತು ಸಿಗಬೇಕು, ಒಳ್ಳೆಯ ನೀರಿನ ಪೈಪಿನೊಂದಿಗೆ ಎಲ್ಲಿಯೂ ಕೂಡಬಾರದು. ಮೋರಿ ಹಿಮ್ಮುಖವಾಗಿ ಉಕ್ಕದಂತೆ ಇರಬೇಕು, ಕಸ ಹಿಡಿಯುವ ಟ್ರ್ಯಾಪ್ ಇರಬೇಕು. ಶೌಚಾಲಯದ ಬಾಗಿಲು ಅಡುಗೆಮನೆಗೆ ನೇರವಾಗಿ ತೆರೆಯಬಾರದು. ಕೆಲಸಗಾರರಿಗೆ ಕೈ ತೊಳೆಯಲು ಪ್ರತ್ಯೇಕ ಬೇಸಿನ್, ಸೋಪು.

ಎಷ್ಟು ಇಂಚಿನ ಪೈಪು, ಎಷ್ಟು ಇಳಿಜಾರು ಎಂಬುದು ಅದರಲ್ಲಿಲ್ಲ. ಅದಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೇ ಭಾಗ ನೋಡಬೇಕು. ಭಾರತೀಯ ಪ್ಲಂಬಿಂಗ್ ಸಂಘದವರು ಐಎಪಿಎಂಒ ಎಂಬ ಅಂತರರಾಷ್ಟ್ರೀಯ ಪ್ಲಂಬಿಂಗ್ ಸಂಸ್ಥೆಯ ಜೊತೆ ಸೇರಿ ತಂದಿರುವ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್–ಇಂಡಿಯಾ ಎಂಬುದೂ ಇದೆ. ಇವೆರಡೂ ತಾವಾಗಿಯೇ ಕಾನೂನಲ್ಲ. ಸ್ಥಳೀಯ ಕಟ್ಟಡ ನಿಯಮಗಳು ಒಪ್ಪಿಕೊಂಡಷ್ಟು ಮಾತ್ರ ಕಡ್ಡಾಯ. ಆದರೆ ಇಡೀ ದೇಶದ ಎಂಜಿನಿಯರುಗಳು ಅಳತೆಗೆ ಕೈಹಾಕುವುದು ಅಲ್ಲಿಗೇ.

ಅಡ್ಡಮಾತು

ಓದುವುದಕ್ಕೆ ಚೆನ್ನಾಗಿದೆ. ಹತ್ತು ಹೋಟೆಲಿನ ಹಿಂಬಾಗಿಲಿಗೆ ಹೋಗಿ ನೋಡಿ, ಒಂಬತ್ತರಲ್ಲಿ ಪೈಪು ನೇರವಾಗಿ ರಸ್ತೆ ಚರಂಡಿಗೆ ಇಳಿದಿರುತ್ತದೆ. ಯಾರೂ ಕೇಳಿಲ್ಲ, ಯಾರೂ ಸತ್ತಿಲ್ಲ. ಇಡ್ಲಿ ಹೋಟೆಲಿನವರಿಗೆ ಪಂಚತಾರಾ ಸಂಹಿತೆ ಹೇಳಿ ಹೆದರಿಸಬೇಡಿ. ಬಂಡವಾಳ ಎಲ್ಲ ನೆಲದಡಿ ಹೂತರೆ ಗ್ರೈಂಡರ್ ಯಾವುದರಲ್ಲಿ ಕೊಳ್ಳುವುದು?

ವಾಟದ ಮೇಸ್ತ್ರಿ

ಅಡ್ಡಮಾತಿನವರ ಸಂಕಟ ಅರ್ಥವಾಗುತ್ತದೆ, ಖರ್ಚು ಸಣ್ಣದಲ್ಲ. ಆದರೆ ನೆಲದ ಮೇಲಿನದ್ದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಟೈಲ್ಸ್ ಒಡೆಸಿ ಪೈಪು ತೆಗೆಸಬೇಕೆಂದರೆ ಹೋಟೆಲು ಮುಚ್ಚಬೇಕು, ಮುಚ್ಚಿದ ದಿನಗಳ ಬಾಡಿಗೆಯನ್ನೂ ಕೊಡಬೇಕು. ಗ್ರೈಂಡರ್ ಕಂತಿನಲ್ಲಿ ಸಿಗುತ್ತದೆ, ವಾಟ, ಅಂದರೆ ಪೈಪಿನ ಇಳಿಜಾರು, ಕಂತಿನಲ್ಲಿ ಸಿಗುವುದಿಲ್ಲ.

ಮೂಲ ಪ್ರಶ್ನೆ ಕೇಳಿದವರಿಗೆ: ಪೈಪು ತರುವ ಮೊದಲು ರಸ್ತೆಯ ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರಿನ ಮುಚ್ಚಳ ತೆಗೆಸಿ, ಒಳಗಿನ ಪೈಪಿನ ತಳ ಎಷ್ಟು ಆಳದಲ್ಲಿದೆ ಎಂದು ಅಳೆಯಿರಿ. ಬಗ್ಗಿ ಇಣುಕಬೇಡಿ, ಇಳಿಯಲಂತೂ ಬೇಡ, ಮೇಲಿನಿಂದಲೇ ಕೋಲು ಇಳಿಸಿ. ಆಮೇಲೆ ನಿಮ್ಮ ಅಡುಗೆಮನೆಯ ಅತಿ ದೂರದ ಮೂಲೆಯಿಂದ ಆ ಚೇಂಬರಿನವರೆಗೆ ಟೇಪು ಹಿಡಿಯಿರಿ. ನಾಲ್ಕು ಇಂಚಿನ ಪೈಪಿಗೆ ಮೀಟರಿಗೆ ಎರಡು ಸೆಂಟಿಮೀಟರ್ ವಾಟ ಕೊಟ್ಟರೆ ನಿಶ್ಚಿಂತೆ. 12 ಮೀಟರ್ ದೂರವಿದ್ದರೆ 24 ಸೆಂಟಿಮೀಟರ್ ಇಳಿತ ಬೇಕು. ಅಷ್ಟು ಇಳಿತ ಸಿಗದಿದ್ದರೆ ಅಡುಗೆಮನೆಯ ನೆಲವನ್ನೇ ಎತ್ತರಿಸಬೇಕಾಗುತ್ತದೆ. ನೆಲ ಎತ್ತರಿಸಿದರೆ ಒಲೆಯ ಕಟ್ಟೆ, ಬಾಗಿಲ ಹೊಸ್ತಿಲು, ಕಿಟಕಿ ಎಲ್ಲದರ ಲೆಕ್ಕ ಬದಲಾಗುತ್ತದೆ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡುವ ಹಳೆಯ ಪದ್ಧತಿಯೇ ಸಾಕು, ಲೇಸರ್ ಬೇಕಿಲ್ಲ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಮಾತ್ರ ಅಳತೆ ಸುಳ್ಳಾಗುತ್ತದೆ.

ನಿವೃತ್ತ ಕಿರಿಯ ಎಂಜಿನಿಯರ್

ಮೇಸ್ತ್ರಿಯವರು ಹೇಳಿದ್ದು ಸರಿ. ಸಂಹಿತೆಯ ಲೆಕ್ಕದಲ್ಲಿ 100 ಮಿಲಿಮೀಟರ್ ಕೊಳವೆಗೆ ಕನಿಷ್ಠ 57ಕ್ಕೆ 1ರ ಇಳಿಜಾರು, 150 ಮಿಲಿಮೀಟರಿಗೆ 100ಕ್ಕೆ 1. ನೀರು ಸೆಕೆಂಡಿಗೆ ಸುಮಾರು 0.75 ಮೀಟರ್ ವೇಗದಲ್ಲಿ ಹರಿದರೆ ಅನ್ನದ ಅಗುಳನ್ನೂ ಹಿಟ್ಟಿನ ಗಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಇಡ್ಲಿ ಹಿಟ್ಟಿನ ಪಾತ್ರೆ ತೊಳೆದ ನೀರನ್ನು ಒಂದು ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅಕ್ಕಿ ತಳಕ್ಕೆ ಕೂರುತ್ತದೆ, ಉದ್ದು ಲೋಳೆಯಾಗಿ ಗೋಡೆಗೆ ಅಂಟುತ್ತದೆ. ನಿಮ್ಮ ಪೈಪಿನೊಳಗೆ ದಿನವೂ ನಡೆಯುವುದು ಅದೇ. ವಾಟ ಕಡಿಮೆಯಿದ್ದರೆ ಅದು ಅಲ್ಲಿಯೇ ಹುಳಿಯುತ್ತದೆ.

ಶೌಚಾಲಯದ ಪೈಪಿಗೆ ಅಡುಗೆಮನೆಯನ್ನು ಸೇರಿಸುವ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಕಟ್ಟಡದೊಳಗೆ ಎರಡೂ ಬೇರೆ ಬೇರೆಯಾಗಿಯೇ ಬರಲಿ. ಅಡುಗೆಮನೆಯ ನೀರು ಗ್ರೀಸ್ ಟ್ರ್ಯಾಪ್, ಅಂದರೆ ಜಿಡ್ಡನ್ನು ತಡೆದು ಹಿಡಿಯುವ ಪೆಟ್ಟಿಗೆ, ದಾಟಿ ಹೊರಗಿನ ಚೇಂಬರಿನಲ್ಲಿ ಕೂಡಲಿ. ಮಲದ ಪೈಪು ಗ್ರೀಸ್ ಟ್ರ್ಯಾಪಿನ ಮೂಲಕ ಎಂದೂ ಹಾದುಹೋಗಬಾರದು. ಈಗಿರುವ ಮೂರು ಇಂಚಿನ ಪೈಪು ಕಟ್ಟಿಕೊಂಡರೆ ಮೊದಲು ಉಕ್ಕುವುದು ಕಟ್ಟಡದ ಅತಿ ತಗ್ಗಿನ ಜಾಲರಿಯಲ್ಲಿ. ಹೋಟೆಲಿನಲ್ಲಿ ಅದು ಸಾಮಾನ್ಯವಾಗಿ ಪಾತ್ರೆ ತೊಳೆಯುವ ಜಾಗ. ಶೌಚದ ನೀರು ಪಾತ್ರೆಯ ಪಕ್ಕ ಉಕ್ಕುವುದನ್ನು ಊಹಿಸಿಕೊಳ್ಳಿ, ಹೆಚ್ಚು ಹೇಳುವುದಿಲ್ಲ.

ಜೋರು ಮಳೆ ಬಂದಾಗ ಒಳಚರಂಡಿಯೇ ತುಂಬಿ ಹಿಂದಕ್ಕೆ ಒತ್ತುವುದೂ ಉಂಟು. ನಿಮ್ಮ ನೆಲ ರಸ್ತೆಯ ಚೇಂಬರಿನ ಮುಚ್ಚಳಕ್ಕಿಂತ ತಗ್ಗಿನಲ್ಲಿದ್ದರೆ ಹಿಮ್ಮುಖ ತಡೆಯುವ ವಾಲ್ವ್ ಹಾಕಿಸಿ. ಕೈಗೆ ಸಿಗುವ ಜಾಗದಲ್ಲಿ ಹಾಕಿಸಿ, ಏಕೆಂದರೆ ಅದನ್ನೂ ತೊಳೆಯಬೇಕು.

ಕೋಲಾರದ ಮೆಸ್

ಯಾರೂ ಸತ್ತಿಲ್ಲ ಎಂದವರಿಗೆ ಒಂದು ಮಾತು. ನಾನು ಮೆಸ್ ನಡೆಸುತ್ತೇನೆ. ನಮ್ಮ ಬೀದಿಯ ಇನ್ನೊಂದು ಅಡುಗೆಮನೆಯಲ್ಲಿ, ಹೆಸರು ಬೇಡ, ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಯಾವಾಗಲೂ ಮುಸುರೆ ತೊಟ್ಟಿಯೊಳಗೆ ಮುಳುಗಿಯೇ ಇರುತ್ತಿತ್ತು. ಸರಬರಾಜು ನಿಂತಾಗ ಮೇಲಿನ ಪೈಪು ಖಾಲಿಯಾಗುತ್ತ ತೊಟ್ಟಿಯ ನೀರನ್ನು ಒಳಗೆಳೆದುಕೊಂಡಿತು. ಅದೇ ಪೈಪಿನ ಇನ್ನೊಂದು ಕವಲು ಕುಡಿಯುವ ನೀರಿನ ನಲ್ಲಿ. ಮರುದಿನ ನೀರಿನಲ್ಲಿ ಸಾರಿನ ವಾಸನೆ ಬರುತ್ತಿದೆ ಎಂದು ಊಟಕ್ಕೆ ಬಂದ ಹುಡುಗರು ಹೇಳಿದ ಮೇಲೆಯೇ ಗೊತ್ತಾದದ್ದು. ಇಪ್ಪತ್ತನಾಲ್ಕು ಗಂಟೆ ಒತ್ತಡದಲ್ಲಿ ನೀರು ಬರುವ ಊರುಗಳಲ್ಲಿ ಇದು ಅಪರೂಪ. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಕಡೆ ಪೈಪು ಖಾಲಿಯಾಗುವುದೇ ನಿಯಮ. ಹಾಗಾಗಿ ಏರ್ ಗ್ಯಾಪ್, ಅಂದರೆ ನೀರು ಬೀಳುವ ಬಾಯಿಯ ಕೆಳಗೆ ಬಿಡುವ ಖಾಲಿ ಜಾಗ, ದೊಡ್ಡ ಹೋಟೆಲಿನ ಸೋಗು ಎಂದು ನನಗೆ ಅನಿಸುವುದಿಲ್ಲ. ಅದರ ಅಗತ್ಯ ನಮಗೇ ಹೆಚ್ಚು.

ವಾಟದ ಮೇಸ್ತ್ರಿ

ಮೆಸ್ಸಿನ ಅಮ್ಮ ಹೇಳಿದ್ದನ್ನು ಅಳತೆಯಲ್ಲಿ ಹೇಳುತ್ತೇನೆ. ನಲ್ಲಿಯ ಬಾಯಿ ಸಿಂಕಿನ ಅಂಚಿಗಿಂತ ಮೇಲಿರಬೇಕು, ನಡುವಿನ ಖಾಲಿ ಜಾಗ ನಲ್ಲಿಯ ಬಾಯಿಯ ವ್ಯಾಸದ ಎರಡರಷ್ಟು, ಹೇಗೂ ಒಂದು ಇಂಚಿಗೆ ಕಡಿಮೆಯಾಗಬಾರದು. ಅರ್ಧ ಇಂಚಿನ ನಲ್ಲಿಗೆ ಒಂದು ಇಂಚು, ಒಂದು ಇಂಚಿನ ನಲ್ಲಿಗೆ ಎರಡು. ರಬ್ಬರ್ ಪೈಪು ಸಿಕ್ಕಿಸುವ ನಲ್ಲಿಗೆ ನೀರು ಹಿಂದಕ್ಕೆ ಎಳೆಯದಂತೆ ತಡೆಯುವ ವ್ಯಾಕ್ಯೂಮ್ ಬ್ರೇಕರ್ ಎಂಬ ಸಣ್ಣ ತುಂಡು ಸಿಗುತ್ತದೆ. ಅದೂ ಬೇಡವೆಂದರೆ ರಬ್ಬರ್ ಪೈಪನ್ನು ನೆಲ ಮುಟ್ಟದಷ್ಟು ಗಿಡ್ಡವಾಗಿ ಕತ್ತರಿಸಿ. ಸಂಪಿನ ಒಳಗೆ ಬಾಲ್‌ಕಾಕ್ (ಸಂಪು ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡಿನ ನಲ್ಲಿ) ನೀರಿನಲ್ಲಿ ಮುಳುಗಿರುವುದನ್ನೂ ನೋಡಿದ್ದೇನೆ, ಅದೂ ಇದೇ ತಪ್ಪು.

ಇನ್ನೊಂದು ಏರ್ ಗ್ಯಾಪ್ ಕೊಳಕು ನೀರಿನ ಕಡೆ. ತರಕಾರಿ ತೊಳೆಯುವ ಸಿಂಕು, ಐಸ್ ಪೆಟ್ಟಿಗೆ, ಫ್ರಿಜ್ಜಿನ ನೀರು ಹೊರಹಾಕುವ ಪೈಪು, ಇವನ್ನು ಮೋರಿಗೆ ನೇರವಾಗಿ ಅಂಟಿಸಬೇಡಿ. ಜಾಲರಿಯ ಮೇಲೆ ಒಂದೆರಡು ಇಂಚು ಎತ್ತರದಲ್ಲಿ ಪೈಪಿನ ಬಾಯಿ ನಿಲ್ಲಲಿ, ನೀರು ಕಣ್ಣಿಗೆ ಕಾಣುವಂತೆ ಬೀಳಲಿ. ಮೋರಿ ಉಕ್ಕಿದರೆ ನೆಲಕ್ಕೆ ಚೆಲ್ಲುತ್ತದೆ, ಸೊಪ್ಪಿನ ಮೇಲೆ ಬರುವುದಿಲ್ಲ.

ಮುಸುರೆ ತೊಟ್ಟಿ

ನಾನು ಬೈಪಾಸಿನ ಹೋಟೆಲೊಂದರಲ್ಲಿ ಪಾತ್ರೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಮಾಲೀಕರು ಕೇಳದ ಎರಡು ಸಂಗತಿ ಹೇಳುತ್ತೇನೆ.

ಗಿರಾಕಿಗಳ ಕೈ ತೊಳೆಯುವ ಬೇಸಿನ್ನಿನ ಬಗ್ಗೆ ಹೊರದೇಶದ ಸಂಹಿತೆಗಳು ತಲೆ ಕೆಡಿಸಿಕೊಂಡಂತಿಲ್ಲ. ಅವರು ಚಮಚದಲ್ಲಿ ತಿನ್ನುತ್ತಾರೆ. ನಮ್ಮಲ್ಲಿ ಊಟ ಮುಗಿಸಿದ ಕೈ ನೇರವಾಗಿ ಬೇಸಿನ್ನಿಗೆ ಬರುತ್ತದೆ. ಅನ್ನ, ಕರಿಬೇವು, ನುಗ್ಗೆಕಾಯಿ ಸಿಪ್ಪೆ, ಜೊತೆಗೆ ಎಲೆಯಡಿಕೆ ಉಗುಳಿದ್ದು. ಮಧ್ಯಾಹ್ನ ಎರಡು ಗಂಟೆಗೆ ಬೇಸಿನ್ ಕಟ್ಟಿಕೊಂಡು ನಿಂತ ನೀರನ್ನು ಕೈಯಿಂದ ತೋಡುವುದು ಯಾರು? ನಾವೇ. ಆ ಬೇಸಿನ್ನಿಗೆ ಬಾಟಲಿಯಂಥ ಟ್ರ್ಯಾಪ್ ಹಾಕಿಸಿ, ತಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚುವಂಥದ್ದು. ತೂತಿಗೆ ಎತ್ತಿ ತೆಗೆಯುವ ಸ್ಟೀಲ್ ಜಾಲರಿ ಇರಲಿ. ಬೇಸಿನ್ ಸಾಲಾಗಿ ಮೂರಿದ್ದರೆ ಒಂದಕ್ಕೊಂದು ಬೇರೆ ಟ್ರ್ಯಾಪ್ ಇರಲಿ, ಒಂದು ಕಟ್ಟಿದರೆ ಇನ್ನೆರಡು ನಡೆಯುತ್ತವೆ.

ಎರಡನೆಯದು, ಕುದಿಯುವ ಗಂಜಿ. ಅನ್ನ ಬಸಿದದ್ದನ್ನು ಹಾಗೇ ಸಿಂಕಿಗೆ ಸುರಿಯುತ್ತಾರೆ. ಬಿಳಿ ಪಿವಿಸಿ ಪೈಪು ಮೆತ್ತಗಾಗಿ ನಡುವೆ ಜೋತುಬೀಳುತ್ತದೆ, ಜೋತುಬಿದ್ದಲ್ಲಿ ಜಿಡ್ಡು ಕಟ್ಟುತ್ತದೆ.

ವಾಟದ ಮೇಸ್ತ್ರಿ

ನೂರಕ್ಕೆ ನೂರು ನಿಜ. ಪಿವಿಸಿ 60 ಡಿಗ್ರಿ ದಾಟಿದ ನೀರನ್ನು ಪದೇ ಪದೇ ತಾಳುವುದಿಲ್ಲ. ಒಲೆಯ ಪಕ್ಕದ ಸಿಂಕಿನ ಕೆಳಗೆ ಬೀಡುಕಬ್ಬಿಣದ ಪೈಪು ಹಾಕಿ, ಪಿವಿಸಿ ಹಾಕಲೇಬೇಕಾದರೆ ಹತ್ತಿರ ಹತ್ತಿರ ಕ್ಲಾಂಪು ಕೊಡಿ. ಒಳಗೆ ಬರುವ ಬಿಸಿನೀರಿನ ಪೈಪಿಗೆ ಬಿಸಿ ತಾಳುವ ಸಿಪಿವಿಸಿ.

ಅಡ್ಡಮಾತು

ಪೈಪು, ವಾಟ, ಬಾಟಲಿ ಟ್ರ್ಯಾಪು ಒಪ್ಪಿದೆ. ಗ್ರೀಸ್ ಟ್ರ್ಯಾಪ್ ಇಡ್ಲಿ ಹೋಟೆಲಿಗೆ ಏಕೆ? ಇಡ್ಲಿಯಲ್ಲಿ ಎಣ್ಣೆ ಎಲ್ಲಿದೆ?

ನಿವೃತ್ತ ಕಿರಿಯ ಎಂಜಿನಿಯರ್

ಒಳ್ಳೆಯ ಪ್ರಶ್ನೆ. ಇಡ್ಲಿಯಲ್ಲಿಲ್ಲ. ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆ, ದೋಸೆಯ ತುಪ್ಪ, ವಡೆ, ಸಾಗು, ಒಗ್ಗರಣೆ, ಎಲ್ಲಕ್ಕಿಂತ ಹೆಚ್ಚಾಗಿ ಚಟ್ನಿ. ತೆಂಗಿನ ಸೀಮೆಯಲ್ಲಿ ಹೋಟೆಲು ಮಾಡುತ್ತಿದ್ದೀರಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ತುಮಕೂರಿನ ಧನುರ್ಮಾಸದ ರಾತ್ರಿ ಅದಕ್ಕಿಂತ ತಂಪು. ಬಿಸಿನೀರು ಮತ್ತು ಸೋಪಿನ ಜೊತೆ ಕರಗಿ ಹೋದ ಜಿಡ್ಡು ನಿಮ್ಮ ಸಿಂಕಿನಲ್ಲಿ ಕಾಣದು, ರಸ್ತೆಯಡಿ ತಣ್ಣಗಾಗಿ ಪೈಪಿನ ಮೇಲ್ಭಾಗಕ್ಕೆ ಹತ್ತಿಕೊಳ್ಳುತ್ತದೆ. ಮೋರಿ ಕಟ್ಟಿದರೆ ಪಕ್ಕದ ಮನೆಯವರು ಬಂದು ಜಗಳವಾಡುವುದು ನಿಮ್ಮೊಂದಿಗೆ.

ಕಾನೂನಿನ ಮಗ್ಗುಲೂ ಇದೆ. 1986ರ ಪರಿಸರ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಕೆರೆ ಹೊಳೆಗೆ ಬಿಡುವುದಾದರೆ 10. ಮಳೆನೀರಿನ ಚರಂಡಿಗೆ ಬಿಟ್ಟರೆ ಅದು ನೇರವಾಗಿ ಕೆರೆಯ ದಾರಿ ಹಿಡಿಯುತ್ತದೆ. ಒಂಬತ್ತು ಹೋಟೆಲು ಹಾಗೆ ಮಾಡುತ್ತವೆ ಎಂಬುದು ಹತ್ತನೆಯದಕ್ಕೆ ಪರವಾನಗಿಯಲ್ಲ.

ಗಾತ್ರದ ಲೆಕ್ಕ ಸುಲಭ. ನಿಮ್ಮ ಪಾತ್ರೆ ಸಿಂಕು 60 ಸೆಂ.ಮೀ. ಉದ್ದ, 45 ಅಗಲ, 30 ಆಳ ಎಂದಿಟ್ಟುಕೊಳ್ಳಿ. 81 ಲೀಟರ್. ಅಂಥವು ಎರಡಿದ್ದರೆ 162. ಪಾತ್ರೆ ಮುಳುಗಿರುವುದರಿಂದ ಮುಕ್ಕಾಲು ಭಾಗ ಮಾತ್ರ ನೀರು ಎಂದು ಹಿಡಿಯುತ್ತಾರೆ, ಸುಮಾರು 120 ಲೀಟರ್. ಎರಡು ನಿಮಿಷದಲ್ಲಿ ಖಾಲಿಯಾಗಲಿ ಎಂದರೆ ನಿಮಿಷಕ್ಕೆ 60 ಲೀಟರ್. ಸಿಂಕಿನ ಕೆಳಗಿಡುವ ಸ್ಟೀಲ್ ಪೆಟ್ಟಿಗೆ ಕೊಳ್ಳುವಾಗ ಈ ಹರಿವಿನ ಅಂಕಿಯನ್ನು ಕೇಳಿ; ಅಂಗಡಿಯವರು ಹೊರಮೈ ಅಳತೆ ಹೇಳಿ ದಾಟಿಸುತ್ತಾರೆ. ಹಿತ್ತಲಿನಲ್ಲಿ ಜಾಗವಿದ್ದು ನೆಲದಡಿ ದೊಡ್ಡ ಚೇಂಬರ್ ಕಟ್ಟಿಸುವುದಾದರೆ ನೀರು ಅರ್ಧ ಗಂಟೆ ನಿಂತು ತಣಿಯುವಷ್ಟು ಇರಲಿ, ಅಂದರೆ 1,800 ಲೀಟರ್.

ಗೌರಿಬಿದನೂರಿನ ಓದುಗ

ಒಂದು ಸಣ್ಣ ಸೇರ್ಪಡೆ: ಕರಿದು ಮಿಕ್ಕ ಎಣ್ಣೆಯನ್ನು ಟ್ರ್ಯಾಪ್ ಇದೆಯೆಂದು ಅದಕ್ಕೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ, ಎಣ್ಣೆ ಪದೇ ಪದೇ ಕಾದಾಗ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡ 25 ಮೀರಿದರೆ ಮತ್ತೆ ಬಳಸುವಂತಿಲ್ಲ. ಅದನ್ನು ಜೈವಿಕ ಡೀಸೆಲ್‌ಗೆ ಕೊಂಡುಕೊಳ್ಳುವವರಿದ್ದಾರೆ.

ಮುಸುರೆ ತೊಟ್ಟಿ

ಟ್ರ್ಯಾಪ್ ಕಟ್ಟಿಸುವ ಮಾತೇ ಎಲ್ಲರದ್ದು. ತೊಳೆಯುವುದು ಯಾರು, ಹೇಗೆ? ಮೇಲಿನ ಜಿಡ್ಡು ಮತ್ತು ತಳದ ಗಸಿ ಸೇರಿ ಕಾಲು ಭಾಗ ತುಂಬಿತೆಂದರೆ ಟ್ರ್ಯಾಪ್ ಕೆಲಸ ನಿಲ್ಲಿಸುತ್ತದೆ, ಜಿಡ್ಡು ಹಾಗೆಯೇ ಮುಂದೆ ಹೋಗುತ್ತದೆ. ಸಿಂಕಿನ ಕೆಳಗಿನ ಸಣ್ಣ ಪೆಟ್ಟಿಗೆಯನ್ನು ಊಟದ ಹೋಟೆಲಿನಲ್ಲಿ ದಿನ ಬಿಟ್ಟು ದಿನವಾದರೂ ತೆರೆಯಬೇಕಾಗುತ್ತದೆ. ಮುಚ್ಚಳ ತೆಗೆದಾಗ ಬರುವ ವಾಸನೆಗೆ ಗಿರಾಕಿ ಎಲೆ ಬಿಟ್ಟು ಏಳುತ್ತಾನೆ. ಆದ್ದರಿಂದ ಅಡುಗೆಮನೆಯ ನಡುವೆ ಇಡಬೇಡಿ, ಹಿಂಬಾಗಿಲ ಹೊರಗೆ ಇಡಿ.

ನೆಲದಡಿಯ ದೊಡ್ಡ ಚೇಂಬರಿಗೆ ಹುಡುಗರನ್ನು ಇಳಿಸಬೇಡಿ. ಒಳಗೆ ಕೊಳೆತ ಗಾಳಿ ತುಂಬಿರುತ್ತದೆ, ಒಂದೇ ಉಸಿರಿಗೆ ಬೀಳುತ್ತಾರೆ.

ಪರವಾನಗಿ ಕಡತ

ಮೇಲಿನ ಮಾತಿಗೆ ಕಾನೂನಿನ ಬಲವಿದೆ. ಒಳಚರಂಡಿ ಮತ್ತು ಶೌಚಗುಂಡಿಗೆ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಜಿಡ್ಡಿನ ಚೇಂಬರನ್ನೂ ಅದೇ ಎಚ್ಚರಿಕೆಯಿಂದ ನೋಡಿ, ಹೀರುವ ಯಂತ್ರದ ಗಾಡಿ ಕರೆಸಿ. ಗಾಡಿಯ ಪೈಪು ಮುಟ್ಟುವ ಜಾಗದಲ್ಲಿಯೇ ಚೇಂಬರ್ ಇರಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ನೋಡಿಕೊಳ್ಳಿ. ಮಾಲೀಕರೊಂದಿಗಿನ ಕರಾರಿನಲ್ಲಿ ನೆಲದಡಿಯ ಕೆಲಸದ ಖರ್ಚು ಯಾರದ್ದು, ಬಿಟ್ಟುಹೋಗುವಾಗ ಅದು ಯಾರದ್ದಾಗುತ್ತದೆ ಎಂದು ಎರಡು ಸಾಲು ಬರೆಸಿ.

ಬಿ.ಎಚ್. ರಸ್ತೆಯವನು

ಎಲ್ಲರಿಗೂ ಧನ್ಯವಾದ. ಗಾರೆಯವರನ್ನು ಮುಂದಕ್ಕೆ ಹಾಕಿದೆ. ಚೇಂಬರಿನ ತಳ ನನ್ನ ಅಡುಗೆಮನೆಯ ನೆಲಕ್ಕಿಂತ 55 ಸೆಂಟಿಮೀಟರ್ ಕೆಳಗಿದೆ, ದೂರ 14 ಮೀಟರ್. ಹಿಂದೆ ಬೈಕ್ ನಿಲ್ಲಿಸುವಷ್ಟು ಜಾಗವಿದೆ. ಶೌಚಾಲಯ ಒಂದೇ ಸಾಕೇ? ನೀರಿನ ಸಂಗ್ರಹ ಎಷ್ಟು ಬೇಕು? ಕೊಳವೆಬಾವಿ ನೀರು ಗಡಸು, ಆರ್‌ಒ ಹಾಕಿಸುತ್ತೇನೆ. ಅದರ ತ್ಯಾಜ್ಯ ನೀರು ಸುಮ್ಮನೆ ಹೋಗುವುದನ್ನು ನೋಡಲು ಮನಸ್ಸಾಗುವುದಿಲ್ಲ.

ನಿವೃತ್ತ ಕಿರಿಯ ಎಂಜಿನಿಯರ್

14 ಮೀಟರಿಗೆ 28 ಸೆಂ.ಮೀ. ಇಳಿತ ಸಾಕು, ನಿಮಗೆ 55 ಇದೆ. ಟ್ರ್ಯಾಪಿನ ಒಳಹರಿವು ಹೊರಹರಿವಿನ ನಡುವಿನ ವ್ಯತ್ಯಾಸ, ಜಾಲರಿಯ ಟ್ರ್ಯಾಪಿನ ಆಳ ಎಲ್ಲ ಅದರಲ್ಲಿ ಹೊಂದುತ್ತದೆ. ನೆಲ ಎತ್ತರಿಸುವ ಗೋಜಿಲ್ಲ.

ನೀರು: ಸಂಹಿತೆ ಉಪಾಹಾರಗೃಹಕ್ಕೆ ಆಸನವೊಂದಕ್ಕೆ ದಿನಕ್ಕೆ 70 ಲೀಟರ್ ಹಿಡಿಯುತ್ತದೆ. 40 ಆಸನಕ್ಕೆ 2,800. ಬೆಳಗಿನ ಇಡ್ಲಿ ಹೊತ್ತಿನಲ್ಲಿ ಒಂದೇ ಕುರ್ಚಿಗೆ ಜನ ಬದಲಾಗುತ್ತಲೇ ಇರುವುದರಿಂದ ಇದನ್ನು ಕನಿಷ್ಠವೆಂದೇ ತಿಳಿಯಿರಿ. ಮೂರು ದಿನಕ್ಕೊಮ್ಮೆ ನೀರು ಬರುವುದಾದರೆ ಸಂಪು 8,400 ಲೀಟರಿಗೆ ಕಡಿಮೆಯಾಗದಿರಲಿ. ಸಂಪಿನ ಬಾಯಿ ನೆಲಕ್ಕಿಂತ ಎತ್ತರದಲ್ಲಿರಲಿ, ಬೈಕ್ ಜಾಗದಲ್ಲಿ ಗ್ರೀಸ್ ಚೇಂಬರ್ ಬಂದರೆ ಸಂಪು ಅದರ ಪಕ್ಕ ಬೇಡ. ನಗರದ ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಕೂರಿಸಬೇಡಿ. ಅದು ಪಕ್ಕದ ಮೋರಿಯ ನೀರನ್ನೂ ಪೈಪಿನ ಸೀಳುಗಳ ಮೂಲಕ ಎಳೆದುಕೊಳ್ಳುತ್ತದೆ.

ಶೌಚಾಲಯ: ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬೇಕು, ಜೊತೆಗೆ ಮೂತ್ರಾಲಯ. ಒಂದೇ ಸಾಲದು.

ಕೋಲಾರದ ಮೆಸ್

ಆರ್‌ಒ ಬಗ್ಗೆ: ನಮ್ಮ ಜಿಲ್ಲೆಯಲ್ಲೂ ನಿಮ್ಮ ಪಾವಗಡದ ಕಡೆಯೂ ಫ್ಲೋರೈಡ್ ಇರುವ ನೀರು ಹೊಸದಲ್ಲ. ಕುದಿಸಿದರೆ ಹೋಗುತ್ತದೆ ಎಂದು ಅಡುಗೆಯವರು ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಸಾಂದ್ರವಾಗುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5 ಮತ್ತು 600ರವರೆಗೆ ಮಾನದಂಡ ಒಪ್ಪುತ್ತದೆ. 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಟ್ಯಾಂಕರ್ ನೀರು ತರಿಸಿದರೆ ಅದನ್ನೂ ಪರೀಕ್ಷೆ ಮಾಡಿಸಿ, ಹಿಂದಿನ ವರದಿಯನ್ನೇ ತೋರಿಸಬೇಡಿ.

ತ್ಯಾಜ್ಯ ನೀರನ್ನು ಶೌಚಾಲಯದ ಫ್ಲಶ್ಶಿಗೆ, ಹೊರಗಿನ ನೆಲ ತೊಳೆಯಲು ಬಳಸಿ. ಪ್ರತ್ಯೇಕ ಸಣ್ಣ ಟ್ಯಾಂಕು, ಬೇರೆ ಬಣ್ಣದ ಪೈಪು. ಮುಂದೊಂದು ದಿನ ಸುಲಭವಾಗುತ್ತದೆಂದು ಎರಡು ಪೈಪಿನ ನಡುವೆ ವಾಲ್ವ್ ಇಟ್ಟು ಜೋಡಿಸಲು ನಿಮ್ಮ ಪ್ಲಂಬರ್ ಹೊರಟರೆ ಒಪ್ಪಬೇಡಿ. ವಾಲ್ವ್ ಸೋರುತ್ತದೆ, ಅಥವಾ ಯಾರೋ ತಿರುಗಿಸಿಬಿಡುತ್ತಾರೆ.

ಅಡ್ಡಮಾತು

ಬಾಯಿ ಮುಚ್ಚಿಕೊಂಡು ಓದಿದೆ. ಒಂದೇ ಅನುಮಾನ ಉಳಿದಿದೆ. ಸಿಂಕಿನ ನೀರು ಬಿಟ್ಟಾಗ ಪಕ್ಕದ ಬೇಸಿನ್ ಗುಳುಗುಳು ಎನ್ನುತ್ತದೆ, ಆಮೇಲೆ ವಾಸನೆ. ನಮ್ಮ ಅಂಗಡಿಯಲ್ಲಿ ಯಾವ ಪ್ಲಂಬರ್‌ಗೂ ಗೊತ್ತಾಗಿಲ್ಲ.

ವಾಟದ ಮೇಸ್ತ್ರಿ

ಗಾಳಿಪೈಪು ಇಲ್ಲ, ಅಷ್ಟೇ. ತುಂಬಿ ಹರಿಯುವ ನೀರು ಹಿಂದಿನಿಂದ ಗಾಳಿ ಎಳೆಯುತ್ತದೆ. ಬೇರೆ ದಾರಿ ಸಿಗದಿದ್ದರೆ ಪಕ್ಕದ ಟ್ರ್ಯಾಪಿನಲ್ಲಿ ನಿಂತ ನೀರನ್ನೇ ಎಳೆದುಕೊಳ್ಳುತ್ತದೆ. ಆ 50 ಮಿಲಿಮೀಟರ್ ನೀರೇ ಮೋರಿಯ ವಾಸನೆಗೂ ಜಿರಲೆಗೂ ಇದ್ದ ತಡೆ. ಕವಲಿನ ಮೇಲ್ತುದಿಯಿಂದ ಒಂದು ಪೈಪನ್ನು ಸೂರಿನ ಮೇಲಕ್ಕೆ ಒಯ್ಯಿರಿ, ಕಿಟಕಿಯ ಪಕ್ಕ ಬಾಯಿ ಬಿಡಬೇಡಿ.

ಬಿ.ಎಚ್. ರಸ್ತೆಯವರೇ, ನೀವೂ ಹಾಗೆಯೇ ಮಾಡಿಸಿ. ಪೈಪೆಲ್ಲ ಜೋಡಿಸಿದ ಮೇಲೆ, ಮರಳು ಮುಚ್ಚುವ ಮೊದಲು, ಚೇಂಬರಿನ ಕಡೆಯ ತುದಿಯನ್ನು ಬಿರಡೆಯಿಂದ ಮುಚ್ಚಿ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟೈಲ್ಸಿನವರಿಗೆ ಬರಬೇಡಿ ಎನ್ನಿ. ಇಳಿದಿಲ್ಲದಿದ್ದರೆ ಪ್ರತಿ ಜಾಯಿಂಟಿನ ಪಕ್ಕ ಟೇಪು ಹಿಡಿದು, ಗೋಡೆಯಿಂದ ಎಷ್ಟು ದೂರ ಎಂದು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ಮಳಿಗೆಯ ಮಾಲೀಕರಿಗೂ ಒಂದು ಪ್ರತಿ ಕಳುಹಿಸಿ.